ಸಣ್ಣ ಹೊಳೆಗೆ ಯಾವ ಬೋಟು? ಗಟ್ಟಿ ಕಯಾಕ್, ಗಾಳಿ ಕಯಾಕ್, ಪ್ಯಾಕ್‌ರಾಫ್ಟ್, ರಾಫ್ಟ್ ನಾಲ್ಕನ್ನೂ ಓಡ್ಸಿ ನೋಡಿದ್ಮೇಲೆ

ಸಣ್ಣ ಹೊಳೇಲಿ ವೈಟ್‌ವಾಟರ್‌ಗೆ, ಅಂದ್ರೆ ಬಂಡೆಗಳ ಮಧ್ಯೆ ನೊರೆಯೆದ್ದು ರಭಸವಾಗಿ ಹರಿಯೋ ನೀರಿಗೆ ಇಳೀಬೇಕು ಅಂತ ಹೊರಟೋರು ಮೊದ್ಲು ಕೇಳೋದೇ ಯಾವ ಬೋಟು ಮಗುಚಲ್ಲ ಅಂತ. ಮಗುಚದೇ ಇರೋ ಬೋಟು ಇಲ್ಲ, ಆ ವಿಷ್ಯ ಬಿಡಿ. ನಾಲ್ಕೂ ತರದ್ದನ್ನ ಓಡ್ಸಿ ನೋಡಿದ್ಮೇಲೆ ನಾನು ನೋಡೋದು ಮೂರೇ ವಿಷ್ಯ: ತಿರುವು ದಾಟಿದ ತಕ್ಷಣ ಮುಂದೆ ಮರ ಅಡ್ಡ ಬಿದ್ದಿದೆ ಅಂತ ಕಂಡ್ರೆ ಈ ಬೋಟು ಎಷ್ಟು ಬೇಗ ದಡಕ್ಕೆ ಸಿಗುತ್ತೆ, ಸಿಕ್ಕಿದ್ಮೇಲೆ ಅದನ್ನ ಹೊತ್ಕೊಂಡು ಬಂಡೆ ಮೇಲೆ ನಡೆಯೋಕೆ ಆಗುತ್ತಾ, ಮಗುಚಿದ್ರೆ ನಾನು ಅದ್ರಿಂದ ಹೊರಗೆ ಬರೋದು ಎಷ್ಟು ಸಲೀಸು.

ದೊಡ್ಡ ನದೀಲಿ ಅಲೆ ದೊಡ್ಡದಿದ್ರೂ ತಪ್ಪಿಸ್ಕೊಳ್ಳೋಕೆ ಜಾಗ ಇರುತ್ತೆ. ಸಣ್ಣ ಹೊಳೇಲಿ ಒಂದೇ ಮರ ಬಿದ್ರೆ ಸಾಕು, ಈ ದಡದಿಂದ ಆ ದಡದವರೆಗೆ ದಾರಿ ಬಂದ್. ಟೀ ಸೋಸೋ ಜಾಲರಿ ತರ ನೀರನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಹಿಡ್ಕೊಳ್ಳುತ್ತೆ, ಅದಕ್ಕೇ ಇದನ್ನ ಸ್ಟ್ರೇನರ್ ಅನ್ನೋದು. ನೀರಿನ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗುತ್ತೆ, ಹಾಗಾಗಿ ನೋಡೋಕೆ ಪಾಪದ ಹೊಳೆ ಅನ್ಸಿದ್ರೂ ಅಲ್ಲಿ ಸಿಕ್ಕಾಕೊಂಡೋರನ್ನ ಇನ್ನೊಬ್ರು ಕೈ ಹಿಡಿದು ಎಳೆಯೋದು ಆಗದ ಮಾತು.

ಗಟ್ಟಿ ಪ್ಲಾಸ್ಟಿಕ್ ಕಯಾಕ್ ಮೊದ್ಲು. ಕ್ರೀಕ್ ಬೋಟ್ ಅಂತಾರಲ್ಲ, ಎರಡೂವರೆ ಮೀಟರ್ ಆಸುಪಾಸು ಉದ್ದ, 20 ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ಎಡ್ಡಿ ಹಿಡಿಯೋದ್ರಲ್ಲಿ ಇದಕ್ಕೆ ಸಾಟಿ ಇಲ್ಲ, ಬಂಡೆ ಹಿಂದೆ ನೀರು ವಾಪಸ್ ತಿರುಗಿ ನಿಲ್ಲೋ ಆ ಪುಟ್ಟ ಜಾಗ ಒಂದು ಬೋಟಿನಷ್ಟೇ ಇದ್ರೂ ಎರಡು ಹೊಡೆತಕ್ಕೆ ಒಳಗೆ ಹೋಗಿ ನಿಂತುಬಿಡುತ್ತೆ, ಸಣ್ಣ ಹೊಳೇಲಿ ಸೇಫ್ಟಿ ಅಂದ್ರೆ ಮುಕ್ಕಾಲು ಭಾಗ ಇದೇನೇ, ಒಂದು ಎಡ್ಡಿಯಿಂದ ಮುಂದಿನ ಎಡ್ಡಿ ಕಾಣೋವರೆಗೆ ಮಾತ್ರ ಹೋಗೋದು, ಕಾಣ್ಲಿಲ್ವಾ, ಇಳಿದು ದಡದ ಮೇಲೆ ನಡ್ಕೊಂಡು ಹೋಗಿ ನೋಡ್ಕೊಂಡು ಬರೋದು. ಆದ್ರೆ ಇದ್ರೊಳಗೆ ಸೊಂಟದವರೆಗೆ ಕೂತು ಸ್ಪ್ರೇ ಸ್ಕರ್ಟ್ (ನೀರು ಒಳಗೆ ಬರದ ಹಾಗೆ ಸೊಂಟದ ಸುತ್ತ ಬೋಟಿನ ಬಾಯಿ ಮುಚ್ಚೋ ಹೊದಿಕೆ) ಹಾಕ್ಕೊಂಡಿರ್ತೀವಿ, ಮಗುಚಿದ್ರೆ ತಲೆ ಕೆಳಗೆ. ರೋಲ್ ಮಾಡಿ ಮೇಲೆ ಬರೋಕೆ ಬರ್ಬೇಕು, ಅದು ಕೊಳದಲ್ಲಿ ಬಂದ್ರೆ ಸಾಲ್ದು, ಹರಿಯೋ ನೀರಲ್ಲಿ ಬರ್ಬೇಕು. ಬರ್ಲಿಲ್ಲ ಅಂದ್ರೆ ಸ್ಕರ್ಟಿನ ಮುಂದಿನ ಕುಣಿಕೆ ಎಳೆದು ಹೊರಗೆ ಬರ್ಬೇಕು, ಹೊರಡೋಕೆ ಮುಂಚೆ ಆ ಕುಣಿಕೆ ಹೊರಗಡೆ ಇದೆಯಾ ಅಂತ ಪಕ್ಕದೋರದ್ದೂ ನೋಡಿ. ಕುಣಿಕೆ ಒಳಗೆ ಸಿಕ್ಕಿಸಿ ಸ್ಕರ್ಟ್ ಹಾಕಿರೋರು ಸಿಗ್ತಾನೇ ಇರ್ತಾರೆ!

ಗಾಳಿ ತುಂಬೋ ಕಯಾಕ್, ಡಕ್ಕಿ ಅಂತ್ಲೂ ಕರೀತಾರೆ. ಅಗಲ ಜಾಸ್ತಿ, ಸುಮಾರು ಮುಕ್ಕಾಲು ಮೀಟರಿಂದ ಒಂದು ಮೀಟರ್, ಅದಕ್ಕೇ ಹೊಸಬ್ರಿಗೂ ಕೂತ ತಕ್ಷಣ ಧೈರ್ಯ ಬರುತ್ತೆ. ಸೆಲ್ಫ್ ಬೇಲಿಂಗ್ ಇರೋದು ತಗೊಂಡ್ರೆ ಒಳಗೆ ಬಂದ ನೀರು ತಳದ ತೂತಿಂದ ತಾನೇ ಹೊರಗೆ ಹೋಗುತ್ತೆ, ಇಲ್ಲದಿದ್ರೆ ಒಂದು ರ‍್ಯಾಪಿಡ್ ದಾಟೋದ್ರಲ್ಲಿ ತೊಟ್ಟಿ ಆಗಿರುತ್ತೆ, ಅಂಥದ್ದನ್ನ ವೈಟ್‌ವಾಟರಿಗೆ ತರ್ಲೇಬೇಡಿ. ಮಗುಚಿದ್ರೆ ಸುಮ್ನೆ ಹೊರಗೆ ಬೀಳ್ತೀವಿ ಅಷ್ಟೇ, ತಲೆ ಕೆಳಗಾಗಿ ಒದ್ದಾಡೋದು ಇಲ್ಲ. ಹಂಗಂತ ಇದೇ ಸೇಫ್ ಅಂತ ನಾನು ಹೇಳಲ್ಲ, ಯಾಕಂದ್ರೆ ರೋಲ್ ಬರೋ ಕಯಾಕರ್ ನೀರಿಗೆ ಬೀಳೋದು ಅಪರೂಪ, ಡಕ್ಕಿಯೋರು ಬೀಳೋದು ಮಾಮೂಲಿ, ಮತ್ತೆ ಸಣ್ಣ ಹೊಳೇಲಿ ಬಿದ್ರೆ ತಳದಲ್ಲಿರೋದು ಕಲ್ಲು. ಮೊಣಕಾಲಿಗಿಂತ ಆಳ ಇರೋ ಸೆಳವಲ್ಲಿ ಎದ್ದು ನಿಲ್ಲೋಕೆ ಹೋಗ್ಬಾರ್ದು, ಕಾಲು ಎರಡು ಕಲ್ಲಿನ ಮಧ್ಯೆ ಸಿಕ್ಕಾಕೊಂಡ್ರೆ ನೀರು ಮುಂದಕ್ಕೆ ಬಗ್ಗಿಸಿ ಮುಳುಗಿಸಿಬಿಡುತ್ತೆ. ಅಂಗಾತ ಮಲಗಿ, ಪಾದ ಮೇಲೆ, ಹರಿವಿನ ಕಡೆಗೆ. ಮುಂದೆ ಮರ ಇದ್ರೆ ಮಾತ್ರ ಇದು ಉಲ್ಟಾ, ಬೋರಲಾಗಿ ಜೋರಾಗಿ ಈಜ್ಕೊಂಡು ಹೋಗಿ ಕಾಂಡದ ಮೇಲೆ ಹತ್ಬೇಕು. ಇದನ್ನ ಹೊರಡೋ ಮುಂಚೆ ಹೇಳ್ಕೊಟ್ಟು, ನಿಧಾನದ ಸೆಳವಲ್ಲಿ ಒಂದ್ಸಲ ಮಾಡ್ಸಿ ಆಮೇಲೇ ಡಕ್ಕಿ ಕೊಡ್ಬೇಕು. ತೊಡೆ ಪಟ್ಟಿ ಹಾಕಿದ್ರೆ ಕಂಟ್ರೋಲ್ ಚೆನ್ನಾಗಿ ಸಿಗುತ್ತೆ ನಿಜ, ಆದ್ರೆ ಮಗುಚಿದಾಗ ಕಾಲು ಸಿಕ್ಕೋ ಚಾನ್ಸ್ ಇರೋದ್ರಿಂದ ಹೊಸಬ್ರಿಗೆ ಹಾಕ್ಬೇಡಿ ಅಂತೀನಿ. ಇನ್ನೊಂದು, ದಡದಲ್ಲಿ ಬಿಸಿಲಿಗೆ ಬಿಟ್ರೆ ಒಳಗಿನ ಗಾಳಿ ಹಿಗ್ಗಿ ಬೋಟು ಬಿಗಿಯಾಗುತ್ತೆ, ನೀರಿಗಿಳಿಸಿದ್ರೆ ಮೆತ್ತಗಾಗುತ್ತೆ, ಹಾಗಾಗಿ ಊಟಕ್ಕೆ ನಿಂತಾಗ ಸ್ವಲ್ಪ ಗಾಳಿ ಬಿಟ್ಟು ಹೊರಡೋವಾಗ ಮತ್ತೆ ತುಂಬ್ಬೇಕು.

ಪ್ಯಾಕ್‌ರಾಫ್ಟ್ ಅಂದ್ರೆ ಗಾಳಿ ಬಿಟ್ಟು ಮಡಚಿ ಬ್ಯಾಗಿಗೆ ಹಾಕ್ಬೋದಾದ ಪುಟ್ಟ ಹಗುರ ರಾಫ್ಟ್, ಇದು ನನಗೆ ಇಷ್ಟ, ಆದ್ರೆ ಇದನ್ನ ಜನ ಹೊಗಳೋ ಅಷ್ಟು ಹೊಗಳಲ್ಲ. ವೈಟ್‌ವಾಟರ್ ಮಾಡೆಲ್ಲೇ ನಾಲ್ಕೈದು ಕೆಜಿ, ಬ್ಯಾಗಲ್ಲಿ ಹಾಕ್ಕೊಂಡು ರಸ್ತೆ ಇಲ್ಲದ ಕಡೆ ನಡೆದು ಹೋಗ್ಬೋದು, ಮರ ಸಿಕ್ಕಾಗ ಒಂದೇ ಕೈಲಿ ಎತ್ಕೊಂಡು ದಾಟ್ಬೋದು. ಹೊತ್ತು ದಾಟೋದು ಸುಲಭ ಇದ್ರೆ ಜನ ನಿಜವಾಗ್ಲೂ ಇಳಿದು ದಾಟ್ತಾರೆ, 20 ಕೆಜಿ ಎತ್ಬೇಕು ಅಂದಾಗ್ಲೇ 'ನೋಡೋಣ ಬಿಡು, ಹೋಗೇಬಿಡೋಣ' ಅನ್ನೋ ಮಾತು ಹೊರಡೋದು. ತೊಂದ್ರೆ ಏನಪ್ಪಾ ಅಂದ್ರೆ ಹಗುರ ಇರೋದ್ರಿಂದ ಎದುರು ಗಾಳಿಗೆ ಹಾರಾಡುತ್ತೆ, ಅಲೆಗೆ ಬಡಿದು ನಿಂತುಹೋಗುತ್ತೆ, ಮತ್ತೆ ತುಂಬಾ ಮಾಡೆಲ್‌ಗಳಲ್ಲಿ ಮುಖ್ಯ ಗಾಳಿ ಚೀಲ ಒಂದೇ. ಚೂಪು ಕಲ್ಲಿಗೆ ಹರಿದ್ರೆ ಮುಗೀತು. ಡಕ್ಕಿಯಲ್ಲಿ ಬೇರೆ ಬೇರೆ ಚೇಂಬರ್ ಇರೋದ್ರಿಂದ ಒಂದು ಹೋದ್ರೂ ದಡ ಸೇರ್ಬೋದು. ನಾನಂತೂ ಪ್ಯಾಕ್‌ರಾಫ್ಟನ್ನ 2ನೇ ಗ್ರೇಡ್ ಹೊಳೆಗೆ ಇಟ್ಕೊಂಡಿದೀನಿ, 3ಕ್ಕೆ ಬೇರೆ ಬೋಟು. ಗ್ರೇಡು ಅಂದ್ರೆ ಹೊಳೆ ಎಷ್ಟು ಕಷ್ಟ ಅನ್ನೋ ಅಳತೆ, ಸುಲಭದ 1ರಿಂದ ಅತಿ ಕಷ್ಟದ 6ರವರೆಗೆ ಇದೆ, ಆದ್ರೆ ಆ ನಂಬರ್ ಕೊಟ್ಟಿದ್ದು ಯಾವ ನೀರಿನ ಮಟ್ಟಕ್ಕೆ ಅಂತ ಕೇಳ್ಕೊಳ್ಳಿ.

ರಾಫ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 12 ಅಡಿ ರಾಫ್ಟಿಗೆ ನಿಲ್ಲೋಕೆ ಬೇಕಾದ ಎಡ್ಡಿ ಸಣ್ಣ ಹೊಳೇಲಿ ಇರಲ್ಲ, ಎರಡು ಬಂಡೆ ಮಧ್ಯೆ ಸುತ್ಕೊಂಡ್ರೆ ಬಿಡಿಸೋಕೆ ಹಗ್ಗ, ರಾಟೆ ಎಲ್ಲ ಬೇಕು, ಮತ್ತೆ ಇರೋ ಒಂದೇ ಬೋಟಲ್ಲಿ ಎಲ್ರೂ ಕೂತಿದ್ರೆ ಕಾಪಾಡೋಕೆ ಹೊರಗೆ ಯಾರೂ ಇರಲ್ಲ. ಒಂದೊಂದು ಬೋಟಲ್ಲಿ ಒಬ್ಬೊಬ್ರು, ಕಡಿಮೆ ಅಂದ್ರೂ ಮೂರು ಬೋಟು, ಇದು ನನ್ನ ಆಯ್ಕೆ. ಆರಕ್ಕಿಂತ ಜಾಸ್ತಿ ಇದ್ರೆ ಎರಡು ಗುಂಪು ಮಾಡಿ.

ನೀರಿನ ಲೆಕ್ಕದಲ್ಲೂ ಬೋಟು ಬದಲಾಗುತ್ತೆ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಹತ್ರಹತ್ರ 28 ಲೀಟರ್. ದೊಡ್ಡ ನದಿಗೆ ನೂರು ಕ್ಯೂಸೆಕ್ ಏರಿದ್ರೆ ಗೊತ್ತೇ ಆಗಲ್ಲ, ಸಣ್ಣ ಹೊಳೇಲಿ ಅದೇ ನೂರು ಬಂಡೆಗಳನ್ನ ಮುಚ್ಚಿ ಎಡ್ಡಿಗಳನ್ನೆಲ್ಲ ತೊಳೆದು ಹಾಕುತ್ತೆ. ನೀರು ಕಡಿಮೆ ಇದ್ದಾಗ ಡಕ್ಕಿ ಕಲ್ಲು ಮೇಲೆ ಜಾರ್ಕೊಂಡು ಹೋಗುತ್ತೆ, ಮಧ್ಯಮ ಇದ್ರೆ ಗಟ್ಟಿ ಕಯಾಕ್ ಮಜಾ. ನೀರು ಕಂದು ಬಣ್ಣಕ್ಕೆ ತಿರುಗಿ ಎಲೆ ಕಡ್ಡಿ ತೇಲಿಬರ್ತಿದ್ರೆ ಯಾವ ಬೋಟೂ ಬೇಡ, ಮೇಲೆಲ್ಲೋ ಮಳೆ ಆಗಿದೆ, ಇನ್ನೂ ಏರುತ್ತೆ. ಮೇಲ್ಗಡೆ ಡ್ಯಾಂ ಇದ್ರೆ ನೀರು ಯಾವಾಗ ಬಿಡ್ತಾರೆ ಅಂತ ಅದನ್ನ ನೋಡ್ಕೊಳ್ಳೋರನ್ನೇ ಕೇಳ್ಬೇಕು. ಹೊಳೆಗೆ ಅಡ್ಡ ಕಟ್ಟಿರೋ ಗಿಡ್ಡ ಒಡ್ಡು ಇದ್ರಂತೂ ನಾಲ್ಕೂ ಬೋಟಿಗೂ ಒಂದೇ ಉತ್ತರ, ಇಳಿದು ಹೊತ್ಕೊಂಡು ದಾಟೋದು. ಮೇಲಿಂದ ಬರೋವಾಗ ಅದು ಬರೀ ಒಂದು ಸಪಾಟು ಗೆರೆ ತರ ಕಾಣುತ್ತೆ, ಕೆಳಗೆ ನೀರು ವಾಪಸ್ ಸುತ್ತಿ ಸುತ್ತಿ ಸಿಕ್ಕಿದ್ದನ್ನ ಬಿಡಲ್ಲ.

ಬೋಟು ಯಾವ್ದಾದ್ರೂ ಹೆಲ್ಮೆಟ್, ಲೈಫ್ ಜಾಕೆಟ್, ಸೀಟಿ, ಕಾಲಿಂದ ಕಳಚದ ಶೂ ಕಡ್ಡಾಯ. ಜಾಕೆಟ್ ಹೆಗಲು ಹಿಡಿದು ಎತ್ತಿ ನೋಡಿ, ಕಿವಿವರೆಗೆ ಬಂದ್ರೆ ಲೂಸು ಅಂತ ಅರ್ಥ. ನೀರಿಗೆ ಬಿದ್ದೋರ ಕಡೆ ಎಸೆಯೋ ಹಗ್ಗದ ಚೀಲ, ಅಂದ್ರೆ ಥ್ರೋ ಬ್ಯಾಗಲ್ಲಿ 15ರಿಂದ 20 ಮೀಟರ್ ಹಗ್ಗ ಇದ್ರೆ ಇಂಥ ಹೊಳೆಗೆ ಸಾಕು, ಎಸೆಯೋರಾಗ್ಲಿ ಹಿಡಿಯೋರಾಗ್ಲಿ ಹಗ್ಗವನ್ನ ಕೈಗೆ ಸುತ್ಕೋಬಾರ್ದು. ಸೀಟಿ ಒಂದ್ಸಲ ಅಂದ್ರೆ ಈ ಕಡೆ ನೋಡಿ, ಮೂರ್ಸಲ ಅಂದ್ರೆ ಅಪಾಯ.

ಮಿಕ್ಸ್ ಗುಂಪು ಹೋಗೋದಾದ್ರೆ ಗಟ್ಟಿ ಕಯಾಕ್ ಮುಂದೊಂದು ಹಿಂದೊಂದು, ಮಧ್ಯದಲ್ಲಿ ಡಕ್ಕಿಗಳು. ಮುಂದಿನೋರು ಎಡ್ಡೀಲಿ ನಿಂತು ಪ್ಯಾಡಲ್ ನೆಟ್ಟಗೆ ಎತ್ತಿದ್ರೆ ಬನ್ನಿ, ಅಡ್ಡ ಹಿಡಿದ್ರೆ ಅಲ್ಲೇ ನಿಲ್ಲಿ. ಅಡ್ಡ ಹಿಡಿದಾಗ ಡಕ್ಕಿಯೋರು ನಿಲ್ಲೋಕೆ ಜಾಸ್ತಿ ದೂರ ತಗೋತಾರೆ ಅನ್ನೋದು ಮುಂದಿನೋರ ತಲೇಲಿ ಇರ್ಬೇಕು, ಅಂದ್ರೆ ಗಟ್ಟಿ ಕಯಾಕ್ ಗುಂಪಲ್ಲಿ ಬಿಡೋ ಅಂತರದ ಎರಡರಷ್ಟು ಇಲ್ಲಿ ಬಿಡ್ಬೇಕು.