ಮಲಯಾಳ ನೋಟೀಸು ಓದಲು ‘ಅಕ್ಷರಮುಖ’: ಕಾಸರಗೋಡಿನವರಿಗೆ ಎಷ್ಟು ಪ್ರಯೋಜನ?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡಿಗರಲ್ಲಿ ಬಹಳ ಮಂದಿಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಂಗಡಿಯಲ್ಲಿ ಬಸ್ಸಿನಲ್ಲಿ ಮಾತಾಡಲಿಕ್ಕೂ ಬರುತ್ತದೆ. ಅಕ್ಷರ ಮಾತ್ರ ಗೊತ್ತಿಲ್ಲ, ಏಕೆಂದರೆ ಓದಿದ್ದು ಕನ್ನಡ ಶಾಲೆಯಲ್ಲಿ. ವಿಲೇಜ್ ಆಫೀಸಿನಿಂದಲೋ ಪಂಚಾಯತಿನಿಂದಲೋ ನೋಟೀಸು ಬಂದಾಗ ಇಂಥವರು ಮೊದಲು ತೆರೆಯುವುದು ಗೂಗಲ್ ಟ್ರಾನ್ಸ್‌ಲೇಟನ್ನು. ಅನುವಾದಕ್ಕಿಂತ ಲಿಪಿ ಬದಲಾವಣೆಯೇ ಇವರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಲಯಾಳ ವಾಕ್ಯ ಮಲಯಾಳದಲ್ಲೇ ಇರಲಿ, ಅಕ್ಷರ ಮಾತ್ರ ಕನ್ನಡದ್ದಾಗಲಿ. ಓದಿಕೊಂಡರೆ ಉಳಿದದ್ದನ್ನು ಕಿವಿ ನೋಡಿಕೊಳ್ಳುತ್ತದೆ.

ಈ ಕೆಲಸಕ್ಕೆ ಈಗ ಸಿಗುವ ಉಪಕರಣಗಳಲ್ಲಿ ಒಳ್ಳೆಯದು ‘ಅಕ್ಷರಮುಖ’. ವಿನೋದ್ ರಾಜನ್ ರೂಪಿಸಿದ ಈ ಲಿಪಿ ಪರಿವರ್ತಕ ನೂರಕ್ಕೂ ಹೆಚ್ಚು ಲಿಪಿಗಳನ್ನು ಬಲ್ಲದು. ಉಚಿತ, ಮುಕ್ತ ತಂತ್ರಾಂಶ. ಬ್ರೌಸರಿನಲ್ಲಿ ತೆರೆದು ಮೂಲ ಲಿಪಿ ಮಲಯಾಳ, ಗುರಿ ಲಿಪಿ ಕನ್ನಡ ಎಂದು ಆರಿಸಿ, ಪಠ್ಯ ಅಂಟಿಸಿದರೆ ಸಾಕು. ಇದು ಇಷ್ಟು ಸಲೀಸಾಗಲು, ಕಂಪ್ಯೂಟರಿನಲ್ಲಿ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡಿನ ಜೋಡಣೆಯೂ ಕಾರಣ. ಕನ್ನಡದ ‘ಕ’ಕ್ಕೆ ಅದು ಕೊಟ್ಟ ಸಂಖ್ಯೆ 3221, ಮಲಯಾಳದ ‘ಕ’ಕ್ಕೆ 3349. ನಡುವೆ 128ರ ಅಂತರ; ಹೆಚ್ಚಿನ ಅಕ್ಷರಗಳಿಗೂ ಅಷ್ಟೇ ಅಂತರ. ಕಷ್ಟ ಇರುವುದು ಕನ್ನಡದಲ್ಲಿ ಸರಿಜೋಡಿಯಿಲ್ಲದ ಅಕ್ಷರಗಳಲ್ಲಿ.

ಕಾಗದದ ನೋಟೀಸಾದರೆ ಮೊದಲು ಅದರಿಂದ ಅಕ್ಷರ ತೆಗೆಯಬೇಕು. ಅದಕ್ಕೆ ಗೂಗಲ್ ಲೆನ್ಸ್ ಸಾಕು. ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ನೆರಳು ಬೀಳದಂತೆ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಮಡಿಕೆಯ ಗೆರೆ ಬಿದ್ದ ಸಾಲು, ಸೀಲು ಕೂತ ಸಾಲು ಎರಡೂ ಕೆಡುತ್ತವೆ. ಇಡೀ ಪುಟಕ್ಕಿಂತ ಐದಾರು ಸಾಲಿನ ತುಂಡುಗಳಾಗಿ ತೆಗೆದರೆ ತಪ್ಪು ಕಡಿಮೆ. ಅಕ್ಷರ ಆರಿಸಿ ನಕಲಿಸಿ, ಅಕ್ಷರಮುಖದಲ್ಲಿ ಅಂಟಿಸಿ. ಕೈಬರಹದ ನೋಟೀಸಿಗೆ ಈ ದಾರಿಯನ್ನು ನಂಬಬೇಡಿ.

ಹೊರಬರುವುದು ಹೇಗಿರುತ್ತದೆ ಎನ್ನುವುದಕ್ಕೆ ಕಚೇರಿ ಭಾಷೆಯ ಒಂದು ಸಾಲು:

‘ಅಪೇಕ್ಷಕನ್ಱೆ ಆಧಾರತ್ತಿನ್ಱೆ ಪಕರ್ಪ್ಪುಂ ನಿಕುತಿ ರಸೀತುಂ ಹಾಜರಾಕ್ಕೇಣ್ಟತಾಣ್.’

ಕಣ್ಣಿಗೆ ಒರಟು. ಬಾಯಿಬಿಟ್ಟು ಓದುವಾಗ ಕೆಲವು ಪದ್ಧತಿ ತಿಳಿದಿದ್ದರೆ ಸರಿಹೋಗುತ್ತದೆ. ಮಲಯಾಳದಲ್ಲಿ ‘ಕ’ ಬರೆದರೂ ಎರಡು ಸ್ವರಗಳ ನಡುವೆ ‘ಗ’ಕ್ಕೆ ಹತ್ತಿರ ಉಚ್ಚರಿಸುತ್ತಾರೆ, ‘ತ’ ಹಾಗೆಯೇ ‘ದ’ದ ಕಡೆಗೆ ಹೋಗುತ್ತದೆ. ‘ನಿಕುತಿ’ ಎಂದು ಬಂದದ್ದು ‘ನಿಗುದಿ’. ‘ಣ್ಟ’ ಎಂದರೆ ‘ಂಡ’. ‘ನ್ಱೆ’ ಎಂಬುದನ್ನು ‘ಂಡೆ’ ಎಂದು ಓದಿದರೆ ಕೇಳಿದ ಶಬ್ದಕ್ಕೆ ಸಮೀಪ. ‘ಱ್ಱ’ ಬಂದಲ್ಲಿ ‘ಟ್ಟ’ ಎನ್ನಿ: ‘ಮಾಱ್ಱಂ’ ಎಂದರೆ ‘ಮಾಟ್ಟಂ’, ಬದಲಾವಣೆ. ‘ೞ’ ಕಂಡರೆ ಗಾಬರಿ ಬೇಡ, ಹಳಗನ್ನಡದ್ದೇ ಅಕ್ಷರ. ‘ಮೞ’ ಎಂದರೆ ನಮ್ಮ ‘ಮಳೆ’. ಪದದ ಕೊನೆಯ ಅರೆಯಕ್ಷರಕ್ಕೆ ಸಣ್ಣ ‘ಉ’ಕಾರ ಸೇರಿಸಿ, ‘ಒಪ್ಪ್’ ಎಂಬುದು ‘ಒಪ್ಪು’, ಅಂದರೆ ಸಹಿ. ಮೊದಲ ದಿನ ಮಾತ್ರ ತಡವರಿಕೆ.

ಈಗ ಅರ್ಥ: ಅರ್ಜಿದಾರರು ತಮ್ಮ ಜಾಗದ ಪತ್ರದ ನಕಲನ್ನೂ ತೆರಿಗೆ ರಸೀದಿಯನ್ನೂ ಹಾಜರುಪಡಿಸಬೇಕು. ಇಲ್ಲಿ ಎಡವುವ ಜಾಗ ‘ಆಧಾರಂ’. ಮಲಯಾಳದಲ್ಲಿ ಅದು ನೋಂದಣಿಯಾದ ಜಾಗದ ದಸ್ತಾವೇಜು. ಆಧಾರ್ ಕಾರ್ಡಿಗೆ ಅವರು ‘ಆಧಾರ್’ ಎಂದೇ ಬರೆಯುತ್ತಾರೆ. ‘ತ್ತಿನ್ಱೆ’ ಎಂಬ ಬಾಲ ಇದ್ದರೆ ಕೇಳಿದ್ದು ದಸ್ತಾವೇಜನ್ನು. ಆಧಾರ್ ಕಾರ್ಡಿನ ನಕಲು ಹಿಡಿದು ಕಚೇರಿಗೆ ಹೋದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಹಾಳು.

ಲಿಪಿ ಬದಲಿಸಿ ಓದುವವರಿಗೆ ದೊಡ್ಡ ಅಪಾಯ ಇಂಥ ಸಂಸ್ಕೃತ ಪದಗಳದ್ದು. ಎರಡು ಭಾಷೆಯಲ್ಲೂ ಅದೇ ಪದ, ಅರ್ಥ ಬೇರೆ. ‘ಅಪೇಕ್ಷ’ ಅಂದರೆ ಅಲ್ಲಿ ಅರ್ಜಿ. ‘ಅವಧಿ’ ಅಂದರೆ ರಜೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಯ ಪ್ರಕಟಣೆಯಲ್ಲಿ ‘ನಾಳೆ ಅವಧಿ’ ಎಂದಿದ್ದರೆ ಮಕ್ಕಳಿಗೆ ಶಾಲೆಯಿಲ್ಲ. ‘ಅವಕಾಶಂ’ ಎಂದರೆ ಹಕ್ಕು, ಹಾಗಾಗಿ ‘ವಿವರಾವಕಾಶ ನಿಯಮಂ’ ನಮ್ಮ ಮಾಹಿತಿ ಹಕ್ಕು ಕಾಯಿದೆ, ‘ಕೈವಶಾವಕಾಶಂ’ ಸ್ವಾಧೀನದ ಹಕ್ಕು. ‘ಉಪನ್ಯಾಸಂ’ ಭಾಷಣವಲ್ಲ, ಪ್ರಬಂಧ. ‘ಪೋಕ್ಕುವರವ್’ ಎಂಬುದನ್ನು ಬಿಡಿಸಿದರೆ ಹೋಗುವುದು-ಬರುವುದು, ಆದರೆ ಕಂದಾಯ ಕಚೇರಿಯಲ್ಲಿ ಅದು ಜಾಗವನ್ನು ಹೊಸ ಹಕ್ಕುದಾರರ ಹೆಸರಿಗೆ ಮಾಡಿಸುವ ಖಾತೆ ಬದಲಾವಣೆ. ಸಂಶಯ ಬಂದ ಒಂದು ಪದವನ್ನಷ್ಟೇ ಅನುವಾದಕ್ಕೆ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ.

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ಮಲಯಾಳ 2014ರಲ್ಲಿ, ತುಳು 2024ರಲ್ಲಿ. ಮಲಯಾಳ ಸ್ವಲ್ಪವೂ ತಿಳಿಯದವರಿಗೆ, ಹೊರಗಿನಿಂದ ಇಲ್ಲಿಗೆ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅದೇ ಗತಿ. ನೋಟೀಸಿನ ವಿಷಯ ಏನು, ಕೊನೆಯ ದಿನಾಂಕ ಯಾವುದು ಎನ್ನುವಷ್ಟಕ್ಕೆ ಅದನ್ನು ಬಳಸಬಹುದು. ಆದರೆ ಕಚೇರಿಯ ಉದ್ದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವಾಗ ಯಾರು ಯಾರಿಗೆ ಏನು ಕೊಡಬೇಕು ಎನ್ನುವುದು ಅನುವಾದದಲ್ಲಿ ಕದಡಿಹೋಗಬಹುದು, ಮತ್ತು ತಪ್ಪಾಗಿದೆ ಎಂದು ಗೊತ್ತೂ ಆಗುವುದಿಲ್ಲ. ಲಿಪಿ ಬದಲಾವಣೆ ತಪ್ಪಿದರೆ ಪದ ವಿಕಾರವಾಗಿ ಕಣ್ಣಿಗೆ ಹೊಡೆಯುತ್ತದೆ. ಅನುವಾದ ತಪ್ಪಿದರೆ ವಾಕ್ಯ ಚೆಂದವಾಗಿಯೇ ಇರುತ್ತದೆ. ಈ ಒಂದು ಕಾರಣಕ್ಕೇ ಜಾಗದ ಕಾಗದಕ್ಕೆ ಅಕ್ಷರಮುಖ ಮೇಲು. ಟ್ರಾನ್ಸ್‌ಲೇಟಿನಲ್ಲಿ ನಿಜಕ್ಕೂ ಉಪಯುಕ್ತವಾದದ್ದು ಸ್ಪೀಕರ್ ಗುರುತು: ಒತ್ತಿದರೆ ಮಲಯಾಳ ಪಠ್ಯವನ್ನು ಗಟ್ಟಿಯಾಗಿ ಓದುತ್ತದೆ. ಕಣ್ಣು ಮಂದವಾದ ಅಜ್ಜ-ಅಜ್ಜಿಯರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ಸೋಲುವ ಜಾಗಗಳು ಇನ್ನೂ ಇವೆ. ಹಳೆಯ ಪಿಡಿಎಫ್‌ಗಳಲ್ಲಿ ಯುನಿಕೋಡ್ ಅಲ್ಲದ ಫಾಂಟ್ ಇದ್ದರೆ, ನಕಲಿಸಿದಾಗ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ಹಳೆಯ ನುಡಿ, ಬರಹ ಕಡತಗಳ ಪಾಡೇ ಅದು. ಆಗ ಪುಟದ ಸ್ಕ್ರೀನ್‌ಶಾಟ್ ತೆಗೆದು ಲೆನ್ಸಿಗೆ ಕೊಡಿ. ಕಂಪ್ಯೂಟರ್ ತಿಳಿದವರು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ‘ಪಯ್ಯನ್ಸ್’ ಪರಿವರ್ತಕ ಬಳಸಬಹುದು. ಇನ್ನೊಂದು, ‘ಚಿಲ್ಲು’ ಎನ್ನುವ ಅರೆಯಕ್ಷರಗಳು. ಇವಕ್ಕೆ ಯುನಿಕೋಡ್ ಪ್ರತ್ಯೇಕ ಸಂಖ್ಯೆ ಕೊಟ್ಟದ್ದು 2008ರಲ್ಲಿ. ಅದಕ್ಕೂ ಹಿಂದಿನ ಕಡತಗಳಲ್ಲಿ ಅರೆಯಕ್ಷರದ ಜೊತೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಇರುತ್ತದೆ. ಅದು ಕನ್ನಡಕ್ಕೂ ಹಾಗೇ ದಾಟಿದರೆ, ಪದ ಎದುರಿಗೇ ಇದ್ದರೂ ಹುಡುಕಿದಾಗ ಸಿಗುವುದಿಲ್ಲ.

ಸರ್ವೆ ನಂಬರನ್ನಂತೂ ಮೂಲ ಕಾಗದದೊಡನೆ ತಾಳೆ ನೋಡದೆ ಬಿಡಬೇಡಿ. ಮಲಯಾಳದ ‘ಠ’ ಒಂದು ದುಂಡು, ಅನುಸ್ವಾರವೂ ಸಣ್ಣ ದುಂಡು, ಸೊನ್ನೆಯೂ ದುಂಡು. ಫೋಟೋ ಮಸುಕಾದರೆ ಒಂದು ಇನ್ನೊಂದಾಗುತ್ತದೆ.

ಗೌಪ್ಯದ ಮಾತೂ ಉಂಟು. ವೆಬ್ ತಾಣದಲ್ಲಿ ಅಂಟಿಸಿದ್ದು ಅದರ ಸರ್ವರಿಗೆ ಹೋಗುತ್ತದೆ. ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಸಾಲನ್ನು ಬಿಟ್ಟು ಉಳಿದದ್ದನ್ನು ಅಂಟಿಸಿ. ಸರಕಾರಿ ಆನ್‌ಲೈನ್ ಸೇವೆ ಒದಗಿಸುವ ಅಕ್ಷಯ ಕೇಂದ್ರ ನಡೆಸುವವರು, ವಕೀಲರ ಕಚೇರಿಯವರು ಅಕ್ಷರಮುಖದ ಪೈಥಾನ್ ಪ್ಯಾಕೇಜನ್ನೇ ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಪಠ್ಯ ಹೊರಗೆ ಹೋಗುವುದಿಲ್ಲ.

ಇಂಥ ಉಪಕರಣ ಇದೆ ಎಂದು ಕನ್ನಡದಲ್ಲಿ ನೋಟೀಸು ಕೊಡುವ ಹೊಣೆಯಿಂದ ಕಚೇರಿಗಳು ಜಾರಿಕೊಳ್ಳಲು ಬಿಡಬಾರದು. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಎಲ್ಲರಿಗೂ ಇದೆ. ಓದುವುದು ಅಕ್ಷರಮುಖದಿಂದ ಆಗಲಿ. ಅಹವಾಲನ್ನು ಮಾತ್ರ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಕನ್ನಡದಲ್ಲೇ ಬರೆದು, ನೋಟೀಸಿನ ಸಂಖ್ಯೆ ಮತ್ತು ದಿನಾಂಕವನ್ನು ಮೊದಲ ಸಾಲಿನಲ್ಲೇ ಹಾಕಿ, ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.