ಮೊಟ್ಟೆ, ಟೊಮೆಟೊ, ಬೀನ್ಸ್, ಎಲೆಕೋಸು: ಕೂಡಿಡುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

ಕೋಳಿ ಸಾಕಿ, ಹಿತ್ತಲಲ್ಲಿ ತರಕಾರಿಯನ್ನೂ ಬೆಳೆಯುವವರಿಗೆ ಒಂದು ತಾಪತ್ರಯ ತಪ್ಪಿದ್ದಲ್ಲ. ಬಂದರೆ ಎಲ್ಲವೂ ಒಟ್ಟಿಗೇ ಬರುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಕ್ಕರೆ ಕೋಳಿಗಳು ಜೋರಾಗಿ ಮೊಟ್ಟೆ ಇಡುತ್ತವೆ. ಹಗಲು ಚಿಕ್ಕದಾಗಿ ಪುಕ್ಕ ಉದುರಿಸಲು ಶುರು ಮಾಡಿದವೋ, ಬುಟ್ಟಿ ಖಾಲಿ. ಟೊಮೆಟೊ, ಬೀನ್ಸ್ ಕೂಡ ಹಾಗೇ. ಹಣ್ಣಾದರೆ ಒಮ್ಮೆಗೇ ಹಣ್ಣಾಗುತ್ತವೆ, ಆಮೇಲೆ ಗಿಡವೇ ಒಣಗುತ್ತದೆ.

ಹಾಗಾಗಿ ಕೂಡಿಡಲೇಬೇಕು. ಒಂದೇ ಫಸಲನ್ನು ಪಾಲು ಮಾಡಿ, ಬೇರೆ ಬೇರೆ ರೀತಿಯಲ್ಲಿ ಇಟ್ಟು ನೋಡಿದ್ದೇನೆ. ರುಚಿ, ಶ್ರಮ ಎರಡನ್ನೂ ಲೆಕ್ಕ ಹಾಕಿದ್ದೇನೆ. ಆದರೆ ನಾನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಬೇರೆ: ಇದು ಕೆಟ್ಟುಹೋದರೆ ನನಗೆ ಗೊತ್ತಾಗುತ್ತದಾ?

ಮೊದಲು ಮೊಟ್ಟೆ. ಇದರ ಬಾಳಿಕೆ ಗೂಡಿನಲ್ಲೇ ಶುರುವಾಗುತ್ತದೆ. ಆಗ ತಾನೇ ಇಟ್ಟ ಮೊಟ್ಟೆಯ ಮೇಲೆ ತೆಳುವಾದ ಒಂದು ಪೊರೆ ಇರುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ, ಈ ಪೊರೆ ಅವನ್ನು ಮುಚ್ಚಿಕೊಂಡಿರುತ್ತದೆ. ತೊಳೆದರೆ ಪೊರೆ ಹೋಗುತ್ತದೆ. ಅಂದರೆ ಕೊಳಕಾಗದ ಮೊಟ್ಟೆ ಸಿಗುವಂತೆ ಕೋಳಿ ಸಾಕುವುದೇ ಕೂಡಿಡುವುದರ ಮೊದಲ ಹೆಜ್ಜೆ.

ಕೋಳಿಗಳನ್ನು ತೋಟದಲ್ಲಿ ಸುಮ್ನೆ ಬಿಟ್ಟರೆ ಅವು ಹುಳ ಹೆಕ್ಕುತ್ತವೆ, ಖುಷಿಯಾಗಿರುತ್ತವೆ. ಜೊತೆಗೆ ಸಸಿಯನ್ನೂ ಕೆದಕುತ್ತವೆ, ಕೆಸರುಗಾಲಲ್ಲೇ ಗೂಡಿಗೆ ಬರುತ್ತವೆ, ಪೊದೆಯಲ್ಲೂ ಮೊಟ್ಟೆ ಇಡುತ್ತವೆ. ಪೊದೆಯಲ್ಲಿ ಸಿಕ್ಕ ಮೊಟ್ಟೆ ಯಾವತ್ತಿನದು ಅಂತ ಹೇಳೋದು ಕಷ್ಟ. ದಿನಾ ಜಾಗ ಬದಲಿಸುವ ತಳವಿಲ್ಲದ ಪಂಜರ ಕೊಯ್ಲು ಮುಗಿದ ಮಡಿಗೆ ಚೆನ್ನಾಗಿ ಹೊಂದುತ್ತದೆ. ಕಳೆಯೂ ಹೋಗುತ್ತದೆ, ಗೊಬ್ಬರವೂ ಬೀಳುತ್ತದೆ. ಮಳೆ ಹಿಡಿದರೆ ಮಾತ್ರ ಅದೂ ಕೆಸರೇ. ಮೊಟ್ಟೆಯ ದೃಷ್ಟಿಯಿಂದ ನನಗೆ ಹಿಡಿಸಿದ್ದು ಒಣ ಮರದ ಹೊಟ್ಟು ದಪ್ಪಗೆ ಹಾಸಿದ ಸ್ಥಿರವಾದ ಗೂಡು. ಹಾಸು ಒದ್ದೆಯಾಗದಂತೆ ಆಗಾಗ ಕೆದಕಿ, ಮೇಲೆ ಹೊಸ ಹೊಟ್ಟು ಸೇರಿಸುತ್ತಾ ಹೋಗಬೇಕು. ನಾಲ್ಕೈದು ಕೋಳಿಗೆ ಒಂದು ಮೊಟ್ಟೆಪೆಟ್ಟಿಗೆ ಸಾಕು. ಕೋಳಿಗಳು ರಾತ್ರಿ ಎತ್ತರದಲ್ಲಿ ಕೂರಲು ನೋಡುತ್ತವೆ, ಹಾಗಾಗಿ ಪೆಟ್ಟಿಗೆ ಕೂರುವ ಕೋಲಿಗಿಂತ ಕೆಳಗಿರಬೇಕು. ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ.

ಹೀಗೆ ಸಿಕ್ಕ ಮೊಟ್ಟೆಯನ್ನು ಮೂರು ರೀತಿ ಇಟ್ಟು ನೋಡಿದೆ. ಫ್ರಿಜ್ಜು ಸರಳ. 4 ಡಿಗ್ರಿಯಲ್ಲಿ ಮೂರರಿಂದ ಐದು ವಾರ ಯೋಚನೆಯಿಲ್ಲ. ತೊಳೆಯಲೇಬೇಕಾದ ಮೊಟ್ಟೆಗೆ ಫ್ರಿಜ್ಜು ಬಿಟ್ಟರೆ ಬೇರೆ ಜಾಗವಿಲ್ಲ. ತೊಳೆಯುವ ನೀರು ಮೊಟ್ಟೆಗಿಂತ ಬೆಚ್ಚಗಿರಬೇಕು. ತಣ್ಣೀರು ತಾಗಿದರೆ ಒಳಗಿನದು ಕುಗ್ಗಿ, ಹೊರಗಿನ ಕೊಳೆಯನ್ನು ರಂಧ್ರದೊಳಗೆ ಎಳೆದುಕೊಳ್ಳುತ್ತದೆ.

ಸುಣ್ಣದ ನೀರಿನದು ಹಳೆಯ ಪದ್ಧತಿ. ಲೀಟರ್ ನೀರಿಗೆ ಸುಮಾರು 28 ಗ್ರಾಂ ಆಹಾರಕ್ಕೆ ಬಳಸುವ ಅರಳಿದ ಸುಣ್ಣ. ತೊಳೆಯದ, ಬಿರುಕಿಲ್ಲದ, ಅದೇ ದಿನದ ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿಡುವುದು. ತಿಂಗಳುಗಟ್ಟಲೆ ಇರುತ್ತವೆ, ಕರೆಂಟು ಬೇಡ. ಒಡೆದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಬಿಳಿ ನೀರಾಗಿರುತ್ತದೆ, ಬಟ್ಟಲಲ್ಲಿ ಹರಡುತ್ತದೆ, ಹಳದಿ ಚಪ್ಪಟೆಯಾಗಿ ಸಣ್ಣದಕ್ಕೂ ಒಡೆಯುತ್ತದೆ. ಇಡಿಯಾಗಿ ಬೇಯಿಸುವುದಾದರೆ ಚಿಪ್ಪಿಗೆ ಸೂಜಿಯಿಂದ ಚುಚ್ಚಬೇಕು. ರಂಧ್ರಗಳೆಲ್ಲ ಮುಚ್ಚಿರುವುದರಿಂದ ಒಳಗಿನ ಗಾಳಿಗೆ ದಾರಿಯಿರುವುದಿಲ್ಲ, ಸಿಡಿಯುತ್ತದೆ. ನನ್ನ ತಕರಾರು ಬೇರೆ. ಕೂದಲೆಳೆಯಷ್ಟು ಬಿರುಕಿರುವ ಒಂದು ಮೊಟ್ಟೆ ಆ ಬಿಳಿ ನೀರಿನ ತಳದಲ್ಲಿ ಇದ್ದರೆ ಮೇಲಿಂದ ಏನೂ ಕಾಣುವುದಿಲ್ಲ. ಕೋಳಿಯ ಹೊಟ್ಟೆಯಲ್ಲೇ ಒಳಸೇರಿದ, ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನೂ ಸುಣ್ಣ ಕೊಲ್ಲುವುದಿಲ್ಲ. ನೀರಲ್ಲಿ ತೇಲಿಸುವ ಪರೀಕ್ಷೆ ವಯಸ್ಸನ್ನಷ್ಟೇ ಹೇಳುತ್ತದೆ. ಒಳಗಿನ ತೇವ ಆರಿ ಗಾಳಿಯ ಚೀಲ ದೊಡ್ಡದಾಗಿದೆ, ಅದಕ್ಕೆ ತೇಲುತ್ತದೆ, ಅಷ್ಟೇ.

ಮೂರನೆಯದು ಫ್ರೀಜರ್. ಚಿಪ್ಪಿನ ಸಮೇತ ಇಡಬಾರದು, ಹಿಗ್ಗಿ ಒಡೆಯುತ್ತದೆ. ಬಿಳಿ, ಹಳದಿ ಎರಡನ್ನೂ ಕಲಸಿ ಸಣ್ಣ ಅಚ್ಚಿನಲ್ಲಿ ಹೆಪ್ಪುಗಟ್ಟಿಸಬೇಕು. ಹಳದಿಯನ್ನೊಂದೇ ಇಡುವುದಾದರೆ ಚಿಟಿಕೆ ಉಪ್ಪೋ ಸಕ್ಕರೆಯೋ ಬೇಕು, ಇಲ್ಲದಿದ್ದರೆ ಅಂಟಿನ ಹಾಗೆ ಗಟ್ಟಿಯಾಗಿ ಮತ್ತೆ ಕರಗುವುದೇ ಇಲ್ಲ. ಒಂದು ವರ್ಷ ಇಡಬಹುದು. ಒಂದೊಂದೇ ಒಡೆದು, ಮೂಸಿ, ನೋಡಿ ಹಾಕುವುದರಿಂದ ಕೆಟ್ಟದ್ದು ಒಳಗೆ ಹೋಗುವ ಅವಕಾಶವೇ ಕಡಿಮೆ. ನನ್ನ ಆಯ್ಕೆ ಇದೇ.

ಟೊಮೆಟೊಗೆ ಬಂದರೆ ಪೈಪೋಟಿ ಜೋರು. ಫ್ರೀಜರ್‌ಗೆ ಹಾಕುವುದಕ್ಕಿಂತ ಸುಲಭ ಇನ್ನೊಂದಿಲ್ಲ. ತೊಳೆದು, ಒರೆಸಿ, ಇಡಿಯಾಗಿ ಚೀಲಕ್ಕೆ ಹಾಕಿದರೆ ಆಯಿತು. ಕರಗುವಾಗ ಸಿಪ್ಪೆ ತಾನಾಗಿ ಜಾರಿ ಬರುತ್ತದೆ. ಆದರೆ ಹಣ್ಣು ಮೆತ್ತಗಾಗುತ್ತದೆ, ಬೇಯಿಸುವುದಕ್ಕೆ ಮಾತ್ರ ಸರಿ. ಜಾಗವೂ ಜಾಸ್ತಿ ತಿನ್ನುತ್ತದೆ. ಕರೆಂಟು ಹೋದರೆ, ಬಾಗಿಲು ತೆಗೆಯದಿದ್ದಲ್ಲಿ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ. ಅರ್ಧ ತುಂಬಿದ್ದರೆ 24 ಗಂಟೆ. ಚೀಲಗಳ ಮಧ್ಯೆ ಒಂದು ಲೋಟದಲ್ಲಿ ನೀರನ್ನು ಮಂಜುಗಡ್ಡೆ ಮಾಡಿ, ಅದರ ಮೇಲೊಂದು ನಾಣ್ಯ ಇಟ್ಟಿದ್ದೇನೆ. ನಾಣ್ಯ ಒಳಗೆ ಇಳಿದಿದ್ದರೆ ನಾನಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ.

ಒಣಗಿಸಿದರೆ ರುಚಿ ಇಮ್ಮಡಿ. ಹುಳಿ, ಸಿಹಿ ಎರಡೂ ಒಟ್ಟಾಗಿ ನಾಲಿಗೆಗೆ ಹತ್ತುತ್ತವೆ. ಒಣಗಿಸುವ ಯಂತ್ರದಲ್ಲಿ 60 ಡಿಗ್ರಿ ಸಾಕು. ಬೇಗ ಆಗಲಿ ಅಂತ ಕಾವು ಏರಿಸಿದರೆ ಮೇಲ್ಭಾಗ ಗಟ್ಟಿಯಾಗಿ ಒಳಗಿನ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಬಿಸಿಲಲ್ಲಾದರೆ ಗಾಳಿಯಲ್ಲಿ ತೇವ ಕಡಿಮೆ ಇರಬೇಕು, 60 ಶೇಕಡಕ್ಕಿಂತ ಕೆಳಗೆ. ಮೋಡದ ದಿನದಲ್ಲಿ ಆಗುವ ಕೆಲಸವಲ್ಲ. ಒಣಗಿದ ಹೋಳುಗಳನ್ನು ಗಾಜಿನ ಬಾಟಲಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ವಾರ ಹತ್ತು ದಿನ ದಿನಾ ಅಲುಗಾಡಿಸಬೇಕು. ಗಾಜಿನ ಒಳಗೆ ಬೆವರು ಕಂಡರೆ ಮತ್ತೆ ಒಣಗಲು ಹಾಕಬೇಕು. ಬೂಷ್ಟು ಬಂದರೆ ಗಾಜಿನಾಚೆಯಿಂದಲೇ ಕಾಣುತ್ತದೆ. ನನಗೆ ಬೇಕಾದ್ದು ಇದೇ.

ಬಾಟಲಿಗೆ ತುಂಬಿ ಕುದಿಸಿ ಮುಚ್ಚುವ ಪದ್ಧತಿ ಕಪಾಟಿನಲ್ಲಿ ನೋಡಲು ಬಲು ಚಂದ. ಫ್ರಾನ್ಸಿನ ನಿಕೊಲಾ ಅಪೇರ್ ಇದನ್ನು ಕಂಡುಹಿಡಿದು 1810ರಲ್ಲಿ 12,000 ಫ್ರಾಂಕ್ ಬಹುಮಾನ ಪಡೆದಾಗ, ಅದು ಯಾಕೆ ಕೆಡುವುದಿಲ್ಲ ಅನ್ನೋದು ಅವನಿಗೂ ಗೊತ್ತಿರಲಿಲ್ಲ. ಈಗ ನಮಗೆ ಗೊತ್ತಿದೆ, ಅದಕ್ಕೇ ಎಚ್ಚರ ಬೇಕು. ಬೊಟುಲಿಸಂ ಅಂದರೆ ನರಗಳನ್ನು ಸೋಲಿಸಿ ಜೀವವನ್ನೇ ತೆಗೆಯಬಲ್ಲ ವಿಷಬಾಧೆ. ಅದನ್ನು ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಗಾಳಿಯಿಲ್ಲದ ಬಾಟಲಿ ಅವಕ್ಕೆ ಹಬ್ಬ. ಅವನ್ನು ತಡೆಯುವುದು ಹುಳಿ: ಹುಳಿಯ ಅಳತೆಯಾದ ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕು (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಟೊಮೆಟೊ ಸರಿಯಾಗಿ ಈ ಗಡಿಯ ಮೇಲೇ ನಿಂತಿದೆ. ಆದ್ದರಿಂದ ಲೀಟರ್ ಬಾಟಲಿಗೆ ಎರಡು ದೊಡ್ಡ ಚಮಚ, ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ನಿಂಬೆರಸ ಅಥವಾ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ ಹಾಕಲೇಬೇಕು. ತಾಜಾ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ, ಅದನ್ನು ನಂಬುವಂತಿಲ್ಲ. ಇಷ್ಟೆಲ್ಲ ಮಾಡಿ ತಪ್ಪಿದರೆ? ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಳತೆ ಬಿಡದೆ ಮಾಡುವವರಿಗೆ ಒಳ್ಳೆಯ ದಾರಿ, ಕಣ್ಣಂದಾಜಿನವರಿಗೆ ಖಂಡಿತ ಬೇಡ.

ಬೀನ್ಸ್‌ಗೆ ಹುಳಿಯೇ ಇಲ್ಲ. ಹಾಗಾಗಿ ಅದನ್ನು ಬಾಟಲಿಗೆ ಹಾಕಬೇಕಾದರೆ ಅದಕ್ಕೆಂದೇ ಮಾಡಿದ ಒತ್ತಡದ ಪಾತ್ರೆ ಬೇಕು, ಅಡುಗೆಯ ಕುಕ್ಕರ್ ಆಗುವುದಿಲ್ಲ. ನಾನು ಕುದಿಯುವ ನೀರಲ್ಲಿ 3 ನಿಮಿಷ ಅದ್ದಿ, ತಕ್ಷಣ ಐಸ್‌ನೀರಿಗೆ ಹಾಕಿ, ಒರೆಸಿ ಫ್ರೀಜರ್‌ಗೆ ಹಾಕುತ್ತೇನೆ. ಅದ್ದದೆ ಇಟ್ಟ ಪಾಲು ಬಣ್ಣಗೆಟ್ಟು ನಾರುನಾರಾಗಿತ್ತು.

ಎಲೆಕೋಸಿಗೆ ಮಾತ್ರ ಉಪ್ಪು. ಹೆಚ್ಚಿದ ಕೋಸಿನ ತೂಕದ 2ರಿಂದ 2.5 ಶೇಕಡ ಉಪ್ಪು ಹಾಕಿ ಹಿಸುಕಿದರೆ ಅದರದೇ ನೀರು ಬಿಡುತ್ತದೆ. ಆ ನೀರಿನೊಳಗೆ ಪೂರ್ತಿ ಮುಳುಗಿರುವಂತೆ ಮೇಲೆ ಭಾರ ಇಟ್ಟರೆ ಆಯಿತು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ತಾವೇ ಹುಳಿ ಮಾಡಿಕೊಳ್ಳುತ್ತವೆ. 20 ಡಿಗ್ರಿ ಆಸುಪಾಸಿನಲ್ಲಿ ಮೂರು ನಾಲ್ಕು ವಾರ. ಮೊದಲ ದಿನಗಳಲ್ಲಿ ಗುಳ್ಳೆ ಏಳುತ್ತದೆ, ಹುಳಿ ವಾಸನೆ ಏರುತ್ತದೆ, ಎಲ್ಲವೂ ಹೊರಗೇ ಕಾಣುತ್ತದೆ. ಮೇಲೆ ತೆಳುವಾದ ಬಿಳಿ ಪದರ ಕಟ್ಟಿದರೆ ತೆಗೆದುಹಾಕಬಹುದು. ಉಣ್ಣೆಯಂತೆ ಬೂಷ್ಟು ಬಂದಿದ್ದರೆ, ಲೋಳೆಯಾಗಿದ್ದರೆ ಅಷ್ಟನ್ನೂ ಎಸೆಯಬೇಕು. ತಂಪು ಜಾಗವಿದ್ದರೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಕಂಡಿಲ್ಲ.

ಇನ್ನು ಎಸೆಯುವ ವಿಷಯ. "ಕೆಟ್ಟಿದ್ದರೆ ಕೋಳಿಗೆ ಹಾಕಿದರಾಯ್ತು" ಅನ್ನುವ ಮಾತು ತುಂಬ ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೊಟುಲಿಸಂ ಕೋಳಿಗೂ ಬರುತ್ತದೆ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕತ್ತು ಜೋತುಬೀಳುತ್ತದೆ, ಉಸಿರು ನಿಲ್ಲುತ್ತದೆ. ಬೂಷ್ಟಿನಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ವಿಷ ಅವುಗಳ ಪಿತ್ತಜನಕಾಂಗ ತಿನ್ನುತ್ತದೆ. ಉಪ್ಪಿನ ಕೋಸಿನ ನೀರೂ ಬೇಡ, ಅಷ್ಟು ಉಪ್ಪನ್ನು ಕೋಳಿ ತಡೆಯುವುದಿಲ್ಲ. ಕೋಳಿಗೆ ಕೊಡಬೇಕಾದ್ದು ಕೂಡಿಡುವ ದಿನದ ತಾಜಾ ಉಳಿಕೆ: ಟೊಮೆಟೊ ಸಿಪ್ಪೆ, ಬೀಜ, ಎಲೆಕೋಸಿನ ಹೊರ ಎಲೆ, ಅದ್ದಿದ ಬೀನ್ಸ್‌ನ ತುದಿ. ಟೊಮೆಟೊ ಗಿಡದ ಎಲೆ ಬೇಡ, ಬೇಯಿಸದ ಒಣ ಬೀನ್ಸ್ ಬೀಜವೂ ಬೇಡ. ಅದೂ ಕೈಯಳತೆಯಲ್ಲಿ, ಅವುಗಳ ಮಾಮೂಲಿ ಮೇವು ತಿಂದ ಮೇಲೆ.