ಕಪ್ಪು ಬಟ್ಟೆಯ ಬಿಳಿ ಕಲೆಗೆ ‘ಕೆಮಿಕಲ್ ವಾಶ್’ ಮಾಡಿಸುವ ಮೊದಲು ಇದನ್ನು ಓದಿ

ಕಪ್ಪು ಅಥವಾ ಕಡುನೀಲಿ ಕಾಟನ್ ಬಟ್ಟೆ ಮೇಲೆ ಬೆಳ್ಳಗೆ ಗೆರೆ, ಚುಕ್ಕೆ ಎದ್ದಿದೆಯಾ? ಒಗೆದರೂ ಹೋಗುತ್ತಿಲ್ಲವಾ? ದಯವಿಟ್ಟು ಅದನ್ನು ಲಾಂಡ್ರಿಗೆ ಒಯ್ದು ‘ಕೆಮಿಕಲ್ ವಾಶ್’ ಮಾಡಿಸಬೇಡಿ. ನನ್ನ ಒಂದು ಸೀರೆ, ಎರಡು ಕುರ್ತಾ, ಭಾವನ ಒಂದು ಷರ್ಟ್ ಹೀಗೇ ಹಾಳಾಗಿವೆ. ಅಂಗಡಿ ಮಡಿಕೇರಿಯಲ್ಲೇ ಇದೆ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ದೂರು ಇನ್ನೂ ನಡೆಯುತ್ತಿದೆ. ಇದೇ ಮಾತು ಹೇಳುವ ಅಂಗಡಿಗಳು ಬೇರೆ ಊರಲ್ಲೂ ಇರುತ್ತವೆ ಬಿಡಿ.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಟ್ಟೆ ಹಗ್ಗದಿಂದ ಅಗ್ಗಿಷ್ಟಿಕೆ ಪಕ್ಕಕ್ಕೆ, ಅಲ್ಲಿಂದ ಫ್ಯಾನಿನ ಕೆಳಗೆ ಓಡಾಡುತ್ತಲೇ ಇರುತ್ತದೆ. ಈ ಸಲ ಒಣಗಿದ ಮೇಲೆ ನೋಡಿದರೆ ಕಪ್ಪು ಬಟ್ಟೆಗಳಲ್ಲೆಲ್ಲ ಹೊಲಿಗೆ ಉದ್ದಕ್ಕೆ, ಮಡಿಕೆ ಬಿದ್ದ ಕಡೆ, ಬೂದುಬಣ್ಣದ ಗೆರೆ. ಕಪ್ಪು ಮೈ, ಕೆಂಪು ಅಂಚಿನ ಸೀರೆ ಒಂದಿತ್ತು. ಮನೆಯಲ್ಲಿ ಮದುವೆ ಇತ್ತು, ಅದನ್ನೇ ಉಡಬೇಕಿತ್ತು.

ಲಾಂಡ್ರಿಯವರು ಬಟ್ಟೆಯನ್ನು ಬೆಳಕಿಗೂ ಹಿಡಿಯಲಿಲ್ಲ. “ಇದೆಲ್ಲ ಮಾಮೂಲಿ ಅಕ್ಕ, ಕೆಮಿಕಲ್ ವಾಶ್ ಕೊಟ್ರೆ ಹೊಸದರ ಹಾಗೆ ಆಗ್ತದೆ” ಅಂದರು. ಬಣ್ಣಕ್ಕೆ ಏನೂ ಆಗುವುದಿಲ್ಲ ತಾನೇ ಅಂತ ಕೇಳಿದೆ. “ನಮ್ಮದು ಇವತ್ತಿನ ಅಂಗಡಿಯಾ? ನೀವು ಯೋಚನೆ ಮಾಡ್ಬೇಡಿ.”

ಬಟ್ಟೆ ವಾಪಸ್ ಬಂದಾಗ ಗರಿಗರಿ ಇಸ್ತ್ರಿ, ಮೇಲೆ ಪ್ಲಾಸ್ಟಿಕ್ ಕವರ್. ಚೆನ್ನಾಗಿರುವ ಭಾಗವೇ ಮೇಲೆ ಬರುವ ಹಾಗೆ ಮಡಚಿದ್ದರು. ಮನೆಗೆ ಬಂದು ಸೀರೆ ಬಿಡಿಸಿದೆ. ಬಿಳಿ ಗೆರೆ ಹೋಗಿತ್ತು, ನಿಜ. ಆದರೆ ಗೆರೆ ಇದ್ದ ಕಡೆಯೆಲ್ಲ ಇಟ್ಟಿಗೆ ಬಣ್ಣದ ಮಚ್ಚೆ, ಅದರ ಸುತ್ತ ಕಂದು ಅಂಚು. ಸೆರಗು ಕಪ್ಪೂ ಅಲ್ಲ, ಕಂದೂ ಅಲ್ಲ. ಮೂಗಿನ ಹತ್ತಿರ ಹಿಡಿದರೆ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆ. ಮಚ್ಚೆ ಇದ್ದ ಜಾಗದಲ್ಲಿ ಒಂದು ಎಳೆಯನ್ನು ಉಗುರಿನಿಂದ ಎತ್ತಿ ಸ್ವಲ್ಪವೇ ಎಳೆದೆ. ಪಟ್ ಅಂತ ತುಂಡಾಯಿತು. ಪಕ್ಕದ ಒಳ್ಳೆ ಜಾಗದ ಎಳೆ ಬೆರಳು ನೋಯುವಷ್ಟು ಎಳೆದರೂ ಜಗ್ಗಲಿಲ್ಲ.

ಅಂದರೆ ಅವರ ‘ಕೆಮಿಕಲ್’ ಬೇರೇನೂ ಅಲ್ಲ, ಕ್ಲೋರಿನ್ ಬ್ಲೀಚ್. ಸೋಡಿಯಂ ಹೈಪೋಕ್ಲೋರೈಟ್ ಅಂತಾರಲ್ಲ, ಅದು. ಅದು ಕಲೆಯನ್ನು ಎತ್ತುವುದಿಲ್ಲ, ಬಟ್ಟೆಯ ಬಣ್ಣವನ್ನೇ ಒಡೆದು ಹಾಕುತ್ತದೆ. ಕಪ್ಪು ಕಾಟನ್‌ಗೆ ಬಹಳ ಕಡೆ ಬಳಸುವ ಸಲ್ಫರ್ ಬ್ಲ್ಯಾಕ್ ಬಣ್ಣಕ್ಕಂತೂ ಕ್ಲೋರಿನ್ ಕಂಡರೇ ಆಗುವುದಿಲ್ಲ. ಜಾಸ್ತಿಯಾದರೆ ಹತ್ತಿಯ ನಾರೇ ಲಡ್ಡಾಗುತ್ತದೆ. ಒಮ್ಮೆ ಹೋದ ಬಣ್ಣವನ್ನು ಯಾವ ಸೋಪೂ ವಾಪಸ್ ತರುವುದಿಲ್ಲ.

ಕೇಳಲು ಹೋದರೆ ಮೊದಲು “ನಿಮ್ಮ ಸೀರೆಯ ಬಣ್ಣವೇ ಸರಿ ಇಲ್ಲ ಅಕ್ಕ” ಅಂದರು. ನಾಲ್ಕು ಬಟ್ಟೆಗೂ ಒಂದೇ ಸಲ ಬಣ್ಣ ಕೆಟ್ಟಿತಾ ಅಂದಾಗ ಮಾತು ಬದಲಾಯಿತು. “ಡೈ ಹಾಕಿ ಕೊಡ್ತೇವೆ, ಗೊತ್ತೇ ಆಗುವುದಿಲ್ಲ.” ಗೊತ್ತಾಯಿತು. ಕೆಂಪು ಅಂಚೂ ಕಪ್ಪಾಗಿ ಬಂತು. ಮನೆಯಲ್ಲಿ ಅದ್ದಿದರೆ ಬಕೆಟ್ ನೀರು ಡಿಕಾಕ್ಷನ್ ಆಯಿತು. ಮದುವೆಗೆ ಬೇರೆ ಸೀರೆ ಉಟ್ಟೆ, ಆ ಮಾತು ಬೇಡ.

ಹೊಟ್ಟೆ ಉರಿಯುವ ವಿಷಯ ಇದಲ್ಲ. ಅದೇ ತರಹದ ಗೆರೆ ಇದ್ದ ಇನ್ನೊಂದು ಕುರ್ತಾ ಒದ್ದೆ ಇತ್ತು ಅಂತ ಮನೆಯಲ್ಲೇ ಉಳಿದಿತ್ತು. ನಮ್ಮ ಅತ್ತೆ ಅದರ ತೋಳಿನ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದರು. ಉಗುರಿನ ಸಂದಿಗೆ ಬಿಳಿ ಹುಡಿ ಬಂತು. “ಇದು ಸೋಪಿನ ಪುಡಿ ಅಲ್ವಾ ಮಗಳೇ” ಅಂದರು. ಹಂಡೆಯಿಂದ ಉಗುರುಬೆಚ್ಚಗಿನ ನೀರು ತೆಗೆದು, ಕುರ್ತಾ ಒಳಮಗ್ಗುಲು ತಿರುಗಿಸಿ, ಸ್ವಲ್ಪ ಹೊತ್ತು ನೆನೆಸಿ, ಕೈಯಲ್ಲಿ ಉಜ್ಜಿ, ಚೆನ್ನಾಗಿ ಜಾಲಿಸಿದರು. ಗೆರೆ ಹೋಯಿತು. ಅಷ್ಟೇ!

ಕಾರಣ ಇಷ್ಟು. ಡಿಟರ್ಜೆಂಟ್ ಪೌಡರಿನಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಕೆಲವದರಲ್ಲಿ ನೀರಿನಲ್ಲಿ ಕರಗದ ಜಿಯೊಲೈಟ್ ಕೂಡ. ಮಳೆಗಾಲದಲ್ಲಿ ನಮ್ಮ ನೀರು ಕೈಯಿಟ್ಟರೆ ಕೊರೆಯುತ್ತದೆ. ಅದರಲ್ಲಿ ಪುಡಿ ಪೂರ್ತಿ ಕರಗುವುದಿಲ್ಲ. ಬಟ್ಟೆ ಒಣಗುವುದಿಲ್ಲ ಅಂತ ಮೂರು ದಿನದ್ದು ಒಟ್ಟಿಗೆ ಮೆಷಿನ್‌ಗೆ ತುರುಕಿದರೆ ಜಾಲಿಸುವುದಕ್ಕೂ ಜಾಗ ಇರುವುದಿಲ್ಲ. ಬಾರ್ ಸೋಪನ್ನು ನೇರವಾಗಿ ಬಟ್ಟೆ ಮೇಲೆ ಉಜ್ಜಿದರೂ ಹೀಗೇ. ಎಷ್ಟೋ ಬಾರ್‌ಗಳಲ್ಲಿ ತೂಕಕ್ಕೆ ಕಲ್ಲಿನ ಪುಡಿ, ಜೇಡಿಮಣ್ಣು ಸೇರಿಸಿರುತ್ತಾರೆ. ಬಿಳಿ ಬಟ್ಟೆಯಲ್ಲಿ ಕಾಣದ್ದು ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಈಗ ನಮ್ಮ ಮನೆಯಲ್ಲಿ ಕಪ್ಪು ಬಟ್ಟೆಗೆ ಲಿಕ್ವಿಡ್ ಮಾತ್ರ.

ಎಲ್ಲ ಬಿಳಿ ಕಲೆಯೂ ಸೋಪಲ್ಲ. ಗಡಸು ಬೋರ್‌ವೆಲ್ ನೀರಿನ ಸುಣ್ಣ ಕೂತಿದ್ದರೆ ಬೆಚ್ಚಗಿನ ನೀರೊಂದೇ ಸಾಲದು. ಒಂದು ಬಕೆಟ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಜಾಲಿಸಿ. ಮೊದಲು ಒಳಮಡಿಕೆಯ ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ವಿನೆಗರ್ ಅಂದ ಕೂಡಲೇ ಕಾಚಂಪುಳಿ (ನಮ್ಮ ಕೊಡಗಿನ ಕಡುಕಪ್ಪು ಹುಳಿ) ಬಾಟಲಿಗೆ ಕೈ ಹಾಕಬೇಡಿ ಮತ್ತೆ! ಅದು ಪಂದಿ ಕರಿಗೇ ಇರಲಿ, ಬಟ್ಟೆಗೆ ಬಿದ್ದರೆ ಅದರದ್ದೇ ಕಲೆ ಇನ್ನೊಂದು. ದಿನಸಿ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ವಿನೆಗರ್ ಸಾಕು.

ಮುಗ್ಗುಲು ವಾಸನೆ ಇದ್ದರೆ ಅದು ಬೂಷ್ಟು. ಮನೆಯೊಳಗೆ ಕೊಡವಬೇಡಿ. ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್‌ನಿಂದ ಉದುರಿಸಿ ಆಮೇಲೆ ಒಗೆಯಿರಿ. ಕಂಕುಳ ಹತ್ತಿರ ಇರುವುದು ಹೆಚ್ಚಾಗಿ ಡಿಯೋಡರೆಂಟ್, ಒಣಬಟ್ಟೆಯಿಂದ ಉಜ್ಜಿದರೆ ಅರ್ಧ ಅಲ್ಲೇ ಬರುತ್ತದೆ. ಕಾಲರ್ ಅಂಚು, ಪ್ಯಾಂಟಿನ ಮಂಡಿ ಬೆಳ್ಳಗಾಗಿದ್ದರೆ ಅದು ಸವೆತ, ಕಲೆಯೇ ಅಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಒಂದು ಮಾತ್ರ ತಮಾಷೆಯಲ್ಲ. ಬ್ಲೀಚ್ ವಾಸನೆ ಇರುವ ಬಟ್ಟೆಯನ್ನು ವಿನೆಗರ್ ನೀರಿಗೆ ಹಾಕಬೇಡಿ. ಬ್ಲೀಚಿಗೆ ವಿನೆಗರ್, ನಿಂಬೆರಸ, ಟಾಯ್ಲೆಟ್ ಆಸಿಡ್ ಯಾವುದು ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ. ಮಳೆ ಅಂತ ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಎದೆಗೆ ಹೊಡೆಯುತ್ತದೆ. ಮೊದಲು ಬರೀ ನೀರಿನಲ್ಲಿ ಸಾಕಷ್ಟು ಸಲ ಜಾಲಿಸಿ.

ಈಗಾಗಲೇ ಕೊಟ್ಟು ಕೆಡಿಸಿಕೊಂಡವರಿಗೆ: ರಸೀದಿ ಹಿಂದೆ “ಬಣ್ಣಕ್ಕೆ ನಾವು ಜವಾಬ್ದಾರರಲ್ಲ” ಅಂತ ಅಚ್ಚಾಗಿದೆ ಅಂತ ಸುಮ್ನೆ ಕೂರಬೇಡಿ. ಅಷ್ಟು ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರು ಪಾರಾದ ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಗೂ ದೂರು ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ಹೋಗಬೇಕು. ಇಂಥ ಸಣ್ಣ ಮೊತ್ತಕ್ಕೆ ಆಯೋಗದ ಶುಲ್ಕ ಇಲ್ಲ. ಬಟ್ಟೆ ಕೊಡುವಾಗಲೇ ಫೋಟೊ ತೆಗೆದಿಟ್ಟಿದ್ದರೆ ಕೆಲಸ ಸುಲಭ. ನನ್ನ ಹತ್ತಿರ ರಸೀದಿಯೂ ಇತ್ತು, ಮೊದಲು ಹಾಳಾಗಿ ಬಂದ ದಿನದ ಫೋಟೊಗಳೂ ಇದ್ದವು.

ಸಹಾಯವಾಣಿಗೆ ಹೇಳಿದ ಮೇಲೆ ಅಂಗಡಿಯವರೇ ಫೋನ್ ಮಾಡಿದರು. ಸೀರೆ ದುಡ್ಡು ಕೊಡ್ತೇವೆ, ಬಟ್ಟೆ ಎಲ್ಲ ಅಂಗಡಿಗೆ ತಂದುಕೊಡಿ ಅಂತ. ದುಡ್ಡು ಕೈಗೆ ಬರುವವರೆಗೆ ನಾನಂತೂ ಕೊಡುವುದಿಲ್ಲ. ನೀವೂ ಕೊಡಬೇಡಿ.